ಒಂದೇ ಕಿವಿಗೆ ಎರಡು ಥರದ ಹಾಡು

ಪ್ರಶ್ನೆ: ಮೇಡಂ, ವಂದನೆಗಳು. ಆರು ವರ್ಷದಿಂದ ನಮ್ಮ ಸಭೆಯ ಗಾಯನ ತಂಡದಲ್ಲಿ ಹಾಡುತ್ತಿದ್ದೇನೆ. ವಾರದ ಉಳಿದ ದಿನ ಇಯರ್‌ಫೋನ್‌ನಲ್ಲಿ ಪ್ರೇಮಗೀತೆ, ರ‍್ಯಾಪ್ ಎಲ್ಲ ಕೇಳುತ್ತೇನೆ. ಮೊನ್ನೆ ತಂಡದ ಹಿರಿಯರೊಬ್ಬರು ನನ್ನ ಫೋನ್ ನೋಡಿ, ‘ಒಂದೇ ಒರತೆಯಿಂದ ಸಿಹಿನೀರು ಕಹಿನೀರು ಎರಡೂ ಬರುತ್ತದೆಯೇ?’ ಎಂದು ಬೈಬಲ್‌ನ ಯಾಕೋಬನ ಪತ್ರಿಕೆಯ ಮಾತು ಹೇಳಿದರು. ಅವತ್ತು ರಾತ್ರಿಯೇ ಲೋಕದ ಹಾಡುಗಳನ್ನೆಲ್ಲ ಅಳಿಸಿಬಿಟ್ಟೆ. ಮೂರು ವಾರದಲ್ಲಿ ಒಂದೊಂದಾಗಿ ಮತ್ತೆ ಬಂದು ಕೂತಿವೆ. ಇನ್ನೊಂದು ವಿಷಯ ಹೇಳಲು ನಾಚಿಕೆ. ಎಷ್ಟೋ ಭಕ್ತಿಗೀತೆ ಹಾಡುವಾಗ ನನಗೆ ಏನೂ ಅನಿಸುವುದಿಲ್ಲ. ಆದರೆ ಹೋದ ತಿಂಗಳು ಒಂದು ಪ್ರೇಮಗೀತೆ ಕೇಳಿ ಬಿಕ್ಕಿ ಬಿಕ್ಕಿ ಅತ್ತೆ. ಕ್ರೈಸ್ತರು ದೇವರ ಹಾಡನ್ನು ಮಾತ್ರ ಕೇಳಬೇಕಾ? ನನ್ನ ವಿಶ್ವಾಸದಲ್ಲೇ ಏನಾದರೂ ಕೊರತೆ ಇದೆಯಾ?

ಉತ್ತರ: ವಂದನೆಗಳು. ನಿಮ್ಮ ಪತ್ರ ಓದಿ ನಗುವೂ ಬಂತು, ಪಾಪ ಅಂತಲೂ ಅನಿಸಿತು. ನಗು ಯಾಕೆಂದರೆ, ಹಾಡು ಅಳಿಸಿ ಮತ್ತೆ ಹಾಕಿಕೊಂಡವರಲ್ಲಿ ನೀವು ಮೊದಲಿನವರಲ್ಲ. ಇಪ್ಪತ್ತು ವರ್ಷದಿಂದ ಗಾಯನ ತಂಡಗಳಿಗೆ ಹಾಡು ಕಲಿಸುತ್ತಿದ್ದೇನೆ. ಕ್ಯಾಸೆಟ್ ಸುಟ್ಟವರನ್ನು ನೋಡಿದ್ದೇನೆ, ಸಿಡಿ ಮುರಿದವರನ್ನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ವರ್ಷದೊಳಗೆ ಅದೇ ಹಾಡನ್ನು ಮತ್ತೆ ಕೊಂಡರು.

ಮೊದಲು ಆ ವಚನದ ವಿಷಯ ಮುಗಿಸೋಣ. ಯಾಕೋಬನ ಪತ್ರಿಕೆಯ 3ನೇ ಅಧ್ಯಾಯ ಪೂರ್ತಿ ಓದಿ, ಹತ್ತು ನಿಮಿಷ ಸಾಕು. ಅಲ್ಲಿ ಸಂಗೀತದ ಸುದ್ದಿಯೇ ಇಲ್ಲ. ಇರುವುದು ನಾಲಿಗೆಯ ಸುದ್ದಿ. ಅದೇ ಬಾಯಲ್ಲಿ ದೇವರನ್ನು ಕೊಂಡಾಡುತ್ತೇವೆ, ಅದೇ ಬಾಯಲ್ಲಿ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರನ್ನು ಶಪಿಸುತ್ತೇವೆ, ಇದು ಸರಿಯಲ್ಲ ಎನ್ನುತ್ತಾನೆ ಯಾಕೋಬ. ಒಬ್ಬ ಹುಡುಗ ಒಬ್ಬ ಹುಡುಗಿಯನ್ನು ನೆನೆಸಿಕೊಂಡು ಹಾಡುವುದು ಕಹಿನೀರು ಅಂತ ಆ ವಚನದಿಂದ ಹಿಂಡಿ ತೆಗೆಯುವುದು ಕಷ್ಟ. ಆದರೆ ನಿಮ್ಮ ಹಿರಿಯರನ್ನು ಅಷ್ಟು ಬೇಗ ಪಕ್ಕಕ್ಕೆ ಸರಿಸಬೇಡಿ. ನೀವು ಕೇಳುವ ಹಾಡುಗಳಲ್ಲಿ ಮನುಷ್ಯರನ್ನು ಕಸದ ಥರ ಕಾಣುವ ಹಾಡು ಒಂದೆರಡು ಇರಬಹುದು. ಅದನ್ನು ನೀವು ಜೊತೆಗೆ ಗುನುಗುತ್ತಿದ್ದರೆ ಆ ವಚನ ನೇರವಾಗಿ ನಿಮಗೇ. ಅವರು ಹೇಳಿದ ವಚನ ಸರಿ, ಗುರಿ ಸ್ವಲ್ಪ ತಪ್ಪಿತು, ಅಷ್ಟೆ.

ಈಗ ದೊಡ್ಡ ಪ್ರಶ್ನೆ. ‘ದೇವರ ಹಾಡು’, ‘ಲೋಕದ ಹಾಡು’ ಅಂತ ನಾವು ಎರಡು ಡಬ್ಬಿ ಮಾಡಿಟ್ಟುಕೊಂಡಿದ್ದೇವೆ. ಡಬ್ಬಿಯ ಮೇಲೆ ಚೀಟಿ ಅಂಟಿಸಿದ್ದೇವೆ. ಸಂಗೀತ ಮಾತ್ರ ಆ ಚೀಟಿಗೆ ಯಾವತ್ತೂ ಬಗ್ಗಿಲ್ಲ. ಇದಕ್ಕೆ ನನಗೆ ತುಂಬ ಇಷ್ಟವಾದ ಒಂದು ಉದಾಹರಣೆ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1733ರ ಸೆಪ್ಟೆಂಬರ್ 5. ಜರ್ಮನಿಯ ಲೈಪ್‌ಜಿಗ್ ಪಟ್ಟಣ. ಸ್ಯಾಕ್ಸನಿಯ ಪುಟ್ಟ ರಾಜಕುಮಾರನಿಗೆ ಹನ್ನೊಂದನೇ ಹುಟ್ಟುಹಬ್ಬ. ಅದಕ್ಕಾಗಿ ಸಂಗೀತಗಾರ ಯೊಹಾನ್ ಸೆಬಾಸ್ಟಿಯನ್ ಬಾಕ್ ಒಂದು ಸಂಗೀತ ನಾಟಕ ಬರೆದರು. ಕಥೆ ಗ್ರೀಕರದು. ಕವಲುದಾರಿಯಲ್ಲಿ ನಿಂತ ಹರ್ಕ್ಯುಲಿಸ್‌ನನ್ನು ಒಂದು ಕಡೆಯಿಂದ ‘ಸದ್ಗುಣ’ ಕರೆಯುತ್ತಾಳೆ, ಇನ್ನೊಂದು ಕಡೆಯಿಂದ ‘ಭೋಗ’ ಕರೆಯುತ್ತಾಳೆ. ಭೋಗದ ಪಾತ್ರ ಅವನಿಗೆ ಒಂದು ಜೋಗುಳ ಹಾಡುತ್ತದೆ. ಮಲಗು ನನ್ನ ಪ್ರಿಯ, ಆರಾಮಾಗಿರು, ಮನಸ್ಸು ಎಳೆದ ಕಡೆ ಹೋಗು, ಯಾವ ಮಿತಿಯನ್ನೂ ಲೆಕ್ಕಕ್ಕೆ ಇಡಬೇಡ ಅನ್ನುವುದು ಅದರ ಅರ್ಥ. ಪಕ್ಕಾ ಮರುಳು ಮಾಡುವ ಹಾಡು. ನಿಮ್ಮ ಹಿರಿಯರು ಅಲ್ಲಿದ್ದಿದ್ದರೆ ಎದ್ದು ಹೋಗುತ್ತಿದ್ದರೇನೋ.

ಮುಂದಿನ ವರ್ಷ, 1734ರ ಕ್ರಿಸ್‌ಮಸ್. ಚರ್ಚಿನಲ್ಲಿ ಹಾಡಲು ಬಾಕ್ ಕ್ರಿಸ್‌ಮಸ್ ಆರಟೋರಿಯೊ, ಅಂದರೆ ಯೇಸುವಿನ ಹುಟ್ಟಿನ ಕಥೆ ಹೇಳುವ ದೊಡ್ಡ ಗಾಯನ ಕೃತಿ, ಸಿದ್ಧ ಮಾಡುತ್ತಿದ್ದರು. ಗೋದಲಿಯಲ್ಲಿ ಮಲಗಿದ ಮಗುವಿಗೆ ಒಂದು ಜೋಗುಳ ಬೇಕಿತ್ತು. ಅವರು ಹೊಸದು ಬರೆಯಲಿಲ್ಲ. ಭೋಗ ಹಾಡಿದ ಅದೇ ಜೋಗುಳ ತೆಗೆದರು. ಸ್ವರ ಸ್ವಲ್ಪ ಕೆಳಗೆ ಇಳಿಸಿದರು, ಸೊಪ್ರಾನೊ ದನಿಯ ಬದಲು ಇನ್ನೂ ತಗ್ಗಿನ ಆಲ್ಟೊ ದನಿಗೆ ಕೊಟ್ಟರು. ಪದ ಬದಲಾಯಿತು. ಅದೂ ಪೂರ್ತಿ ಅಲ್ಲ, ‘ಮಲಗು ನನ್ನ ಪ್ರಿಯ’ ಎಂಬ ಮೊದಲ ಮಾತು ಹಾಗೇ ಉಳಿಯಿತು. ಈ ಸಲ ಪ್ರಿಯ ಅಂದರೆ ಯೇಸು.

ನನ್ನ ವಿದ್ಯಾರ್ಥಿಗಳಿಗೆ ಎರಡನ್ನೂ ಒಂದರ ಹಿಂದೊಂದು ಕೇಳಿಸುತ್ತೇನೆ, ಯಾವುದು ಯಾವುದು ಅಂತ ಹೇಳುವುದಿಲ್ಲ. ಜರ್ಮನ್ ಬಾರದವರು ಯಾರೂ ಇದುವರೆಗೆ ‘ಇದು ಪಾಪದ ಹಾಡು, ಇದು ಪುಣ್ಯದ ಹಾಡು’ ಅಂತ ಬೇರೆ ಮಾಡಿಲ್ಲ. ಎರಡಕ್ಕೂ ಕಣ್ಣು ಮುಚ್ಚಿ ತಲೆದೂಗುತ್ತಾರೆ. ಹಾಗಂದರೆ ಪವಿತ್ರತೆ ರಾಗದೊಳಗೆ ಬಚ್ಚಿಟ್ಟುಕೊಂಡಿರುವ ವಸ್ತು ಅಲ್ಲ. ಪದ, ಜಾಗ, ಹಾಡುವವರ ಉದ್ದೇಶ, ಕೇಳುವವರ ಮನಸ್ಸು, ಇವೆಲ್ಲ ಸೇರಿ ಅದನ್ನು ಕಟ್ಟುತ್ತವೆ.

ಇದು ಬಾಕ್ ಒಬ್ಬರ ಕಥೆಯೂ ಅಲ್ಲ. ಯೇಸುವಿನ ಮುಳ್ಳಿನ ಕಿರೀಟವನ್ನು ನೆನೆಯುವ ಪ್ರಸಿದ್ಧ ಶುಭ ಶುಕ್ರವಾರದ ಗೀತೆಯ ರಾಗ 1601ರಲ್ಲಿ ಹಾನ್ಸ್ ಲಿಯೊ ಹಾಸ್ಲರ್ ಬರೆದ ಪ್ರೇಮಗೀತೆಯದು. ‘ಒಬ್ಬ ಕೋಮಲ ಹುಡುಗಿಯಿಂದ ನನ್ನ ತಲೆ ಕೆಟ್ಟಿದೆ’ ಎಂಬ ಅರ್ಥದ ಹಾಡು ಅದು! ಬಾಕ್ ಯೇಸುವಿನ ನೋವು, ಸಾವಿನ ಕಥೆ ಹಾಡುವ ತಮ್ಮ ಮತ್ತಾಯ ಪ್ಯಾಶನ್‌ನಲ್ಲಿ ಆ ರಾಗವನ್ನು ಐದು ಸಲ ತಂದಿದ್ದಾರೆ. ಅದನ್ನು ಹಾಡುತ್ತಾ ಅಳುವ ಯಾರಿಗೂ ಆ ಹುಡುಗಿ ನೆನಪಾಗುವುದಿಲ್ಲ.

ಹಾಗಾದರೆ ಎಲ್ಲವೂ ನಡೆಯುತ್ತದೆ ಅಂತಲೇ? ಇಲ್ಲ. ಇಲ್ಲೇ ಬಹಳ ಜನ ಜಾರುವುದು. ರಾಗಕ್ಕೆ ಪಾಪ ಅಂಟಿಲ್ಲ, ಸರಿ. ಆದರೆ ರಾಗಕ್ಕೆ ನೆನಪು ಅಂಟಿಕೊಂಡಿರುತ್ತದೆ.

‘ಮಾರ್ಟಿನ್ ಲೂಥರ್ ಹೆಂಡದಂಗಡಿಯ ಹಾಡುಗಳನ್ನೇ ಚರ್ಚಿಗೆ ತಂದರು’ ಅಂತ ನೀವು ಕೇಳಿರಬಹುದು. ಹೊಸ ಥರದ ಆರಾಧನಾ ಸಂಗೀತದ ಪರ ವಾದಿಸುವವರ ಮೆಚ್ಚಿನ ಮಾತು ಇದು. ಅಷ್ಟು ಸರಳವಲ್ಲ. 16ನೇ ಶತಮಾನದ ಚರ್ಚ್ ಸುಧಾರಕ ಲೂಥರ್ ಬಳಸಿದ್ದರಲ್ಲಿ ಹೆಚ್ಚಿನವು ಹಳೆಯ ಚರ್ಚ್ ರಾಗಗಳು ಇಲ್ಲವೇ ಹೊಸದಾಗಿ ಕಟ್ಟಿದವು. ಒಂದು ಕ್ರಿಸ್‌ಮಸ್ ಗೀತೆಗೆ ಮಾತ್ರ ಜನ ಹಾಡುತ್ತಿದ್ದ ಒಂದು ಲೋಕದ ರಾಗವನ್ನೇ ಹಚ್ಚಿದರು, ಅದು 1535ರಲ್ಲಿ ಅಚ್ಚಾಯಿತು. ನಾಲ್ಕು ವರ್ಷ ಆದ ಮೇಲೆ, 1539ರಲ್ಲಿ, ಅದೇ ಪದಗಳು ಬೇರೆ ಹೊಸ ರಾಗದೊಂದಿಗೆ ಬಂದವು. ಇವತ್ತು ಜಗತ್ತು ಹಾಡುವುದು ಆ ಎರಡನೇ ರಾಗವನ್ನು. ಸಂಗೀತವನ್ನು ಅಷ್ಟು ಪ್ರೀತಿಸಿದ ಲೂಥರ್ ಕಾಲದಲ್ಲೂ ‘ಈ ರಾಗ ಇಲ್ಲಿ ಹೊಂದುವುದಿಲ್ಲ’ ಎಂಬ ಮಾತಿಗೆ ಜಾಗ ಇತ್ತು.

ಆರ್ಗನ್ ಕಥೆ ಇದರ ತದ್ವಿರುದ್ಧ. ಚರ್ಚ್ ಅಂದರೆ ಆರ್ಗನ್ ಅಂತ ಎಷ್ಟೋ ಜನರಿಗೆ. ಆದರೆ ಅದರ ಮೊದಲ ರೂಪ ಹುಟ್ಟಿದ್ದು ಕ್ರಿಸ್ತಪೂರ್ವ 3ನೇ ಶತಮಾನದ ಅಲೆಕ್ಸಾಂಡ್ರಿಯದಲ್ಲಿ. ನೀರಿನ ಒತ್ತಡದಿಂದ ನುಡಿಯುವ ಆ ವಾದ್ಯವನ್ನು ರೋಮನ್ನರು ಗ್ಲ್ಯಾಡಿಯೇಟರ್‌ಗಳ ಕಾಳಗದ ಅಂಗಳದಲ್ಲಿ ಬಾರಿಸುತ್ತಿದ್ದರು. ರಕ್ತ ಹರಿಯುತ್ತಿದ್ದಾಗ ಹಿನ್ನೆಲೆಯಲ್ಲಿ ಆರ್ಗನ್! ಆದಿ ಸಭೆಯ ಹಿರಿಯರು ವಾದ್ಯಗಳನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದರು ಅಂದರೆ ಅದರಲ್ಲಿ ಆಶ್ಚರ್ಯ ಏನಿದೆ? ಅವರಿಗೆ ಆ ದನಿ ಕೇಳಿದರೆ ರಂಗಶಾಲೆ, ಅನ್ಯದೇವತೆಗಳ ಹಬ್ಬ, ಕುಡಿತ ನೆನಪಾಗುತ್ತಿತ್ತು. ನೆನಪು ಮಾಸಲು ಶತಮಾನಗಳೇ ಬೇಕಾದವು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಇವತ್ತಿಗೂ ಹೆಚ್ಚಾಗಿ ಬರೀ ಮನುಷ್ಯರ ದನಿಯೇ ಕೇಳುತ್ತದೆ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 8ನೇ ಅಧ್ಯಾಯದಲ್ಲಿ ವಿಗ್ರಹಕ್ಕೆ ಅರ್ಪಿಸಿದ ಮಾಂಸದ ಮಾತಿದೆ ನೋಡಿ, ನನ್ನ ಪ್ರಕಾರ ಸಂಗೀತದ ಬಗ್ಗೆ ಬೈಬಲ್‌ನಲ್ಲಿರುವ ಅತಿ ಉಪಯೋಗದ ಅಧ್ಯಾಯ ಅದೇ, ಅದರಲ್ಲಿ ಸಂಗೀತದ ಹೆಸರೇ ಇಲ್ಲದಿದ್ದರೂ. ವಿಗ್ರಹದಲ್ಲಿ ಏನೂ ಇಲ್ಲ, ಮಾಂಸ ಬರೀ ಮಾಂಸ ಅಂತ ಪೌಲ ಒಪ್ಪುತ್ತಾನೆ. ಆದರೆ ನಿನ್ನೆ ಮೊನ್ನೆಯವರೆಗೆ ಆ ವಿಗ್ರಹದ ಮುಂದೆಯೇ ಕೂತು ಉಂಡವನಿಗೆ ಅದು ಬರೀ ಮಾಂಸ ಅಲ್ಲ. ಅವನ ಮನಸ್ಸು ನೋಯುತ್ತದೆ. ಹಾಡೂ ಹಾಗೆಯೇ. ಒಬ್ಬರಿಗೆ ಒಂದು ಹಾಡು ಕಾಲೇಜಿನ ಗೆಳತಿಯರ ನೆನಪು. ಅದೇ ಹಾಡು ಇನ್ನೊಬ್ಬರಿಗೆ ಕುಡಿದು ಬಿದ್ದಿದ್ದ ವರ್ಷಗಳ ನೆನಪು, ಮೊದಲ ಸಾಲು ಕೇಳಿದರೆ ಸಾಕು ಗಂಟಲು ಒಣಗುತ್ತದೆ. ಇಬ್ಬರಿಗೂ ಒಂದೇ ನಿಯಮ ಬರೆಯಲು ಆಗುವುದಿಲ್ಲ. ನಿಮ್ಮ ಹಿರಿಯರ ಹಿಂದೆ ಯಾವ ನೆನಪಿದೆಯೋ ನಿಮಗೆ ಗೊತ್ತಾ? ಒಂದು ಸಲ ಕೇಳಿ ನೋಡಿ. ಇಂಥ ಗಟ್ಟಿ ಮಾತಿನ ಹಿಂದೆ ಬಹಳ ಸಲ ಒಂದು ಕಥೆ ಇರುತ್ತದೆ.

ಇಲ್ಲಿ ಒಂದು ಸಣ್ಣ ಮಾತು. ‘ಈ ತಾಳ ಸೈತಾನನದು’, ‘ಈ ಸ್ವರಗಳನ್ನು ಮಧ್ಯಯುಗದ ಚರ್ಚ್ ನಿಷೇಧಿಸಿತ್ತು’ ಎಂಬಂಥ ವಿಡಿಯೊಗಳು ನಿಮಗೂ ಬಂದಿರುತ್ತವೆ. ಅದರಲ್ಲಿ ಹೇಳುವುದು ಮೂರು ಪೂರ್ಣ ಸ್ವರಗಳ ಅಂತರ ಇರುವ ಟ್ರೈಟೋನ್ ಬಗ್ಗೆ. ಕೇಳಲು ಸ್ವಲ್ಪ ಕರ್ಕಶ, ಹಾಡಲು ಕಷ್ಟ, ಅದಕ್ಕೇ ಹಳೆಯ ಸಂಗೀತಗಾರರು ಅದರಿಂದ ದೂರ ಇದ್ದರು. ‘ಸಂಗೀತದೊಳಗಿನ ಸೈತಾನ’ ಎಂಬ ಹೆಸರು 18ನೇ ಶತಮಾನದ ಆರಂಭದ ಸಂಗೀತ ಪುಸ್ತಕಗಳಲ್ಲಿ ಕಾಣುತ್ತದೆ, ಅದು ಅಭ್ಯಾಸ ಮಾಡುವವರ ಗೊಣಗಾಟ. ನಿಷೇಧದ ಕಥೆಗೆ ಆಧಾರ ಇಲ್ಲ. ಅಂಥ ವಿಡಿಯೊ ಬಂದರೆ ಸುಮ್ನೆ ಮುಂದೆ ಹೋಗಿ.

ಪ್ರೇಮಗೀತೆಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಬೈಬಲ್‌ನ ನಟ್ಟನಡುವೆ ಪರಮಗೀತ ಇದೆ. ಅದಕ್ಕೆ ಏನೇ ಆತ್ಮಿಕ ಅರ್ಥ ಹೇಳಿ, ಮೊದಲ ಓದಿಗೆ ಅದು ಒಬ್ಬ ಗಂಡು ಒಬ್ಬ ಹೆಣ್ಣು ಪರಸ್ಪರ ಹೊಗಳಿಕೊಳ್ಳುವ ಹಾಡು. ಬೈಬಲ್‌ನ ಹಾಡುಗಳ ಸಂಗ್ರಹವಾದ ಕೀರ್ತನೆಗಳಲ್ಲಿ 45ನೆಯದರ ತಲೆಬರಹದಲ್ಲೇ ಅದು ಪ್ರೇಮಗೀತೆ ಎಂದಿದೆ, ಒಳಗೆ ಇರುವುದು ರಾಜನ ಮದುವೆ. ದೇವರಿಗೆ ಪ್ರೇಮಗೀತೆಯಿಂದ ಮುಜುಗರ ಇದ್ದಿದ್ದರೆ ಅವೆರಡೂ ಅಲ್ಲಿ ಇರುತ್ತಿರಲಿಲ್ಲ, ಅಲ್ವಾ?

ರ‍್ಯಾಪ್ ಬಗ್ಗೆ ಕೇಳಿದ್ದಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. ಆದಿಕಾಂಡ 4ನೇ ಅಧ್ಯಾಯ ತೆಗೆಯಿರಿ. ತಮ್ಮನನ್ನು ಕೊಂದ ಕಾಯಿನನ ವಂಶದಲ್ಲಿ ಲೆಮೆಕ ಎಂಬುವನಿದ್ದ. ಕಿನ್ನರಿ ಕೊಳಲು ನುಡಿಸುವವರಿಗೆಲ್ಲ ಮೂಲಪುರುಷನಾದ ಯೂಬಾಲ ಅವನ ಮಗ. ಸಂಗೀತ ಮೊದಲು ಕಾಣಿಸುವುದೇ ಕೊಲೆಗಾರನ ವಂಶದಲ್ಲಿ, ಹಾಗಿದ್ದರೂ ಯಾರೂ ಕಿನ್ನರಿಯನ್ನು ಬಿಸಾಡಲಿಲ್ಲ. ದಾವೀದನ ಕೈಗೆ ಬಂದಿದ್ದೂ ಕಿನ್ನರಿಯೇ. ಅದೇ ಅಧ್ಯಾಯದಲ್ಲಿ ಎರಡು ಸಾಲು ಕೆಳಗೆ ಲೆಮೆಕ ತನ್ನ ಇಬ್ಬರು ಹೆಂಡತಿಯರ ಮುಂದೆ ಒಂದು ಪದ್ಯ ಹೇಳುತ್ತಾನೆ. ನನಗೆ ಏಟು ಕೊಟ್ಟ ಹುಡುಗನನ್ನು ಕೊಂದೆ, ಕಾಯಿನನಿಗೆ ಏಳರಷ್ಟು ಸೇಡಾದರೆ ನನಗೆ ಎಪ್ಪತ್ತೇಳರಷ್ಟು! ಕೊಚ್ಚಿಕೊಳ್ಳುವುದು, ಎದುರಾಳಿಯನ್ನು ಹುಳದಂತೆ ಕಾಣುವುದು, ಹೆಂಗಸರ ಮುಂದೆ ಮೀಸೆ ತಿರುವುವುದು. ಇವತ್ತಿನ ಎಷ್ಟೋ ಹಾಡುಗಳ ಮುತ್ತಜ್ಜ ಅದು.

ಬೈಬಲ್ ಆ ಪದ್ಯವನ್ನು ಕತ್ತರಿಸಿ ಹಾಕಿಲ್ಲ. ಇಟ್ಟುಕೊಂಡಿದೆ. ಓದಿ ನಾವು ತಿಳಿಯಬೇಕು ಅಂತ. ಎಷ್ಟು ಸಲ ಕ್ಷಮಿಸಲಿ ಎಂದು ಪೇತ್ರನು ಕೇಳಿದಾಗ ಯೇಸು ಎಪ್ಪತ್ತು, ಏಳು ಎಂಬ ಅದೇ ಅಂಕಿಗಳನ್ನು ಹಿಡಿದು, ಅಷ್ಟು ಸಲ ಕ್ಷಮಿಸು ಎಂದು ಉತ್ತರ ಕೊಡುತ್ತಾನೆ. ಲೆಮೆಕನ ಲೆಕ್ಕವನ್ನು ಅಂಗಿ ತಿರುಗಿಸಿದ ಹಾಗೆ ಒಳಗಿನದು ಹೊರಗೆ ಮಾಡಿಬಿಡುತ್ತಾನೆ. ಆ ಪದ್ಯ ಗೊತ್ತಿಲ್ಲದವರಿಗೆ ಈ ಉತ್ತರದ ರುಚಿ ಅರ್ಧವೇ ಸಿಗುತ್ತದೆ.

ಲೆಮೆಕನ ಪದ್ಯ ಓದುವುದು ಬೇರೆ, ಅದನ್ನು ದಿನಾ ಬೆಳಿಗ್ಗೆ ಗುನುಗುತ್ತಾ ತಲೆ ಬಾಚಿಕೊಳ್ಳುವುದು ಬೇರೆ. ಹಾಡಿಗೆ ಒಂದು ವಿಚಿತ್ರ ಗುಣ ಇದೆ. ಕಾದಂಬರಿಯಲ್ಲಿ ಕೊಲೆಗಾರ ‘ನಾನು’ ಅಂದರೆ ಅದು ಅವನು. ಹಾಡಿನಲ್ಲಿ ‘ನಾನು’ ಅಂದರೆ, ನೀವು ಜೊತೆಗೆ ಹಾಡಿದ ತಕ್ಷಣ ಅದು ನೀವು. ನಿಮ್ಮ ಬಾಯಿ, ನಿಮ್ಮ ಉಸಿರು, ನಿಮ್ಮ ‘ನಾನು’. ನಾನು ನಿಮಗೆ ಕೊಡುವ ಪರೀಕ್ಷೆ ಅದಕ್ಕೇ ತೀರಾ ಸಾದಾ. ಹಾಡು ನಿಲ್ಲಿಸಿ. ಪದಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ರಾಗ ಇಲ್ಲದೆ, ಸುದ್ದಿ ಓದುವ ಹಾಗೆ ಜೋರಾಗಿ ಓದಿ. ಮುಖ ಸುಟ್ಟ ಹಾಗಾದರೆ ಆ ಹಾಡಿನ ಬಗ್ಗೆ ನಿಮಗೆ ಉತ್ತರ ಸಿಕ್ಕಿತು.

ಇದನ್ನು ಒಂದು ಸಲ ಯೌವನಸ್ಥರ ಕೂಟದಲ್ಲಿ ಮಾಡಿಸಿದೆ. ಒಬ್ಬ ಹುಡುಗ ತನ್ನ ಇಷ್ಟದ ಹಾಡಿನ ಪದ ಓದಲು ಎದ್ದು ನಿಂತ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಕಿವಿ ಕೆಂಪಾಯಿತು. ಹಿಂದಿನ ಸಾಲಿನಲ್ಲಿ ಅವನ ತಂಗಿ ಕೂತಿದ್ದಳು. ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡು ಕೂತುಬಿಟ್ಟ. ನಾನು ಒಂದು ಮಾತೂ ಆಡಲಿಲ್ಲ. ಆಮೇಲೆ ಇನ್ನೊಬ್ಬಳು ಒಂದು ಸ್ತುತಿಗೀತೆ ಓದಿದಳು. ‘ನನ್ನದೆಲ್ಲವೂ ನಿನಗೆ ಅರ್ಪಣೆ’ ಎಂಬ ಅರ್ಥದ ಸಾಲು ಬಂತು. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನು ಎಷ್ಟು ಸಲ ಹಾಡಿದ್ದೇನೆ ಆಂಟಿ, ಇದು ಸುಳ್ಳಲ್ವಾ?’ ಅಂದಳು. ಅವತ್ತಿನ ಕೂಟದಲ್ಲಿ ಹೆಚ್ಚು ಹೊತ್ತು ಮಾತಾಡಿದ್ದು ಈ ಎರಡನೇ ಹಾಡಿನ ಬಗ್ಗೆಯೇ.

ಭಕ್ತಿಗೀತೆ ಎಂಬ ಚೀಟಿ ಇದ್ದ ಮಾತ್ರಕ್ಕೆ ಅದು ಅಪಾಯ ಇಲ್ಲದ್ದು ಅಂತ ಅಂದುಕೊಳ್ಳಬೇಡಿ. ಪ್ರವಾದಿ ಆಮೋಸನ ಪುಸ್ತಕದ 5ನೇ ಅಧ್ಯಾಯದಲ್ಲಿ ದೇವರು ‘ನಿಮ್ಮ ಹಾಡಿನ ಗದ್ದಲ ಇಲ್ಲಿಂದ ತೆಗೆಯಿರಿ’ ಎನ್ನುತ್ತಾನೆ. ಗಮನಿಸಿ, ಅವು ಲೋಕದ ಹಾಡುಗಳಲ್ಲ. ದೇವಾಲಯದ ಹಾಡುಗಳೇ. ಬಡವರನ್ನು ತುಳಿಯುತ್ತಾ ಹಾಡುತ್ತಿದ್ದರು, ಅದಕ್ಕೆ ಬೇಡವಾದವು.

ನನ್ನ ಮನೆಯ ಕಥೆ ಕೇಳಿ. ಒಂದು ಸಂಜೆ ಪಾತ್ರೆ ತೊಳೆಯುತ್ತಾ ಸ್ಪೀಕರ್‌ನಲ್ಲಿ ಆರಾಧನಾ ಗೀತೆ ಹಾಕಿಕೊಂಡಿದ್ದೆ. ದೇವರ ದಯೆ, ತಾಳ್ಮೆ, ಮೃದು ಮನಸ್ಸು ಅಂತೆಲ್ಲ ಬರುತ್ತಿತ್ತು. ನಾನೂ ಜೊತೆಗೆ ಹಾಡುತ್ತಿದ್ದೆ. ನಡುವೆ ಮಗಳು ಲೋಟ ಒಡೆದಳು. ಬಾಯಿಗೆ ಬಂದ ಹಾಗೆ ಬೈದೆ. ಬೈದು ಮುಗಿಸಿ ಪಲ್ಲವಿ ಸರಿಯಾದ ಜಾಗದಲ್ಲಿ ಎತ್ತಿಕೊಂಡೆ, ಅದೂ ಶ್ರುತಿ ತಪ್ಪದೆ! ಅವಳು ಚೂರುಗಳನ್ನು ಆಯುತ್ತಾ, ‘ಅಮ್ಮಾ, ಬೈಯುವುದಾದರೆ ಹಾಡು ಆಫ್ ಮಾಡಿ ಬೈಯಿ’ ಅಂದಳು. ಆ ಹಾಡು ಆಗ ನನಗೆ ಪ್ರಾರ್ಥನೆ ಆಗಿರಲಿಲ್ಲ. ನಾನು ಒಳ್ಳೆಯವಳು ಅಂತ ನನಗೇ ಹೇಳುತ್ತಿದ್ದ ಹಿನ್ನೆಲೆ ಸದ್ದು ಆಗಿತ್ತು. ಅವತ್ತು ಒಂದು ಪ್ರೇಮಗೀತೆ ಹಾಕಿಕೊಂಡಿದ್ದರೆ ಕಡಿಮೆ ಪಾಪ ಆಗುತ್ತಿತ್ತೇನೋ.

ಬೈಬಲ್‌ನ ಅರಸ ಸೌಲನ ಕಥೆಯಲ್ಲೂ ಇದೇ ಇದೆ. ದಾವೀದನು ಕಿನ್ನರಿ ನುಡಿಸಿದರೆ ಸೌಲನಿಗೆ ಸಮಾಧಾನ ಆಗುತ್ತಿತ್ತು ಅನ್ನುವುದು 1 ಸಮುವೇಲ 16ರಲ್ಲಿದೆ, ಎಲ್ಲರಿಗೂ ಗೊತ್ತು. ಎರಡು ಅಧ್ಯಾಯ ಮುಂದೆ ಅದೇ ದಾವೀದ, ಅದೇ ಕಿನ್ನರಿ, ಅದೇ ಸೌಲ. ಈ ಸಲ ಸೌಲನ ಕೈಯಲ್ಲಿ ಈಟಿ. ಹಾಡು ನಡೆಯುತ್ತಿರುವಾಗಲೇ ಎಸೆಯುತ್ತಾನೆ. ನಡುವೆ ಆಗಿದ್ದೇನು? ಇನ್ನೊಂದು ಹಾಡು. ಸೌಲ ಸಾವಿರ ಕೊಂದ, ದಾವೀದ ಹತ್ತು ಸಾವಿರ ಕೊಂದ ಅಂತ ಹೆಂಗಸರು ಕುಣಿಯುತ್ತಾ ಹಾಡಿದ ಜನಪ್ರಿಯ ಗೀತೆ. ಅದು ಸೌಲನ ತಲೆಯಲ್ಲಿ ಕೂತುಬಿಟ್ಟಿತ್ತು. ಒಳಗೆ ಒಂದು ಹಾಡು ಓಡುತ್ತಿದ್ದರೆ ಹೊರಗಿನ ಹಾಡು ಎಷ್ಟೇ ಪವಿತ್ರ ಇರಲಿ, ಕಿವಿಗೆ ಇಳಿಯುವುದಿಲ್ಲ.

ಈಗ ನಿಮ್ಮ ಕಣ್ಣೀರಿಗೆ ಬರೋಣ. ನೀವು ನಾಚಿಕೆಪಟ್ಟ ಈ ವಿಷಯವನ್ನೇ ಸುಮಾರು 1,600 ವರ್ಷದ ಹಿಂದೆ ಸಂತ ಅಗಸ್ಟೀನ್ ತಮ್ಮ ಆತ್ಮನಿವೇದನೆಯ 10ನೇ ಪುಸ್ತಕದಲ್ಲಿ ತೋಡಿಕೊಂಡಿದ್ದಾರೆ. ಅವರ ತೊಂದರೆ ನಿಮ್ಮದಕ್ಕೆ ತಿರುಗುಮುರುಗು. ಚರ್ಚಿನಲ್ಲಿ ಕೀರ್ತನೆ ಕೇಳುವಾಗ ಪದಕ್ಕಿಂತ ದನಿಯೇ ತಮ್ಮನ್ನು ಹೆಚ್ಚು ಕಲಕುತ್ತಿದೆ, ಅದು ತಪ್ಪು ಎಂದು ಅವರಿಗೆ ಅನಿಸುತ್ತಿತ್ತು. ಎಲ್ಲ ರಾಗಗಳನ್ನೂ ದೂರ ಇಟ್ಟರೆ ಹೇಗೆ ಎಂದು ಯೋಚಿಸುತ್ತಾರೆ. ಕೀರ್ತನೆಯನ್ನು ಹಾಡಿದಂತಲ್ಲ, ಓದಿದಂತೆ ಹೇಳಿಸುತ್ತಿದ್ದ ಅಲೆಕ್ಸಾಂಡ್ರಿಯದ ಅಥನೇಸಿಯಸ್ ದಾರಿಯೇ ಕ್ಷೇಮ ಎನ್ನುತ್ತಾರೆ. ಮತ್ತೆ ತಾವು ಹೊಸದಾಗಿ ವಿಶ್ವಾಸಕ್ಕೆ ಬಂದಾಗ ಸಭೆಯ ಹಾಡು ಕೇಳಿ ಸುರಿಸಿದ ಕಣ್ಣೀರು ನೆನಪಾಗುತ್ತದೆ. ಮನಸ್ಸು ಬದಲಾಗುತ್ತದೆ. ಕಡೆಗೆ ಹಾಡು ಇರಲಿ ಎಂಬ ಕಡೆಗೇ ವಾಲುತ್ತಾರೆ, ಪೂರ್ತಿ ತೀರ್ಮಾನ ಮಾಡದೆ. ಅಷ್ಟು ದೊಡ್ಡ ಮನುಷ್ಯನಿಗೇ ಗಂಟು ಬಿಡಿಸಲು ಆಗಲಿಲ್ಲ. ನೀವು ಒಂದು ರಾತ್ರಿಯಲ್ಲಿ ಫೋನ್ ಅಳಿಸಿ ಬಿಡಿಸಲು ನೋಡಿದಿರಿ!

ಕಣ್ಣೀರು ವಿಶ್ವಾಸದ ಅಳತೆಗೋಲು ಅಲ್ಲ. ನೂರಾರು ಸಲ ಹಾಡಿದ ಗೀತೆ ಮನಸ್ಸನ್ನು ಮುಟ್ಟದೇ ಇರುವುದು ಸಹಜ, ಅದರಲ್ಲೂ ಹಾಡುವವರಿಗೆ. ಸ್ವರ ಸರಿ ಬಂತಾ, ಮುಂದಿನ ಚರಣ ಯಾರು ಎತ್ತಬೇಕು ಅಂತ ಅರ್ಧ ಮನಸ್ಸು ಅಲ್ಲೇ ಇರುತ್ತದೆ. ಅದು ಕೆಲಸದ ಭಾರ. ಅದಕ್ಕೆ ತಪ್ಪಿತಸ್ಥ ಭಾವ ಬೇಡ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಬೇರೊಂದು ಸಂಶಯ ಬಂತು. ನಿಮ್ಮ ತಂಡ ಹಾಡುವ ಗೀತೆಗಳಲ್ಲಿ ದುಃಖಕ್ಕೆ ಜಾಗ ಇದೆಯಾ? 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅಳಲು. ‘ಎಲ್ಲಿಯವರೆಗೆ ಕರ್ತನೇ?’ ಎಂಬ ಮೊರೆ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸ್ತೋತ್ರದ ಸಾಲೂ ಇಲ್ಲ. ನಾವು ಇವತ್ತು ಆರಾಧನೆಯಲ್ಲಿ ಹಾಡುವುದೆಲ್ಲ ಜಯ, ಆನಂದ, ಚಪ್ಪಾಳೆ. ಒಳಗೆ ಹೆಪ್ಪುಗಟ್ಟಿದ ದುಃಖಕ್ಕೆ ಸಭೆಯಲ್ಲಿ ಹಾಡು ಸಿಗದಿದ್ದರೆ ಅದು ಇನ್ನೆಲ್ಲೋ ಹಾಡು ಹುಡುಕಿಕೊಳ್ಳುತ್ತದೆ. ನಿಮಗೆ ಅದು ಒಂದು ಪ್ರೇಮಗೀತೆಯಲ್ಲಿ ಸಿಕ್ಕಿತು. ಯಾರನ್ನೋ ಕಳೆದುಕೊಂಡ ನೋವು ಅದರಲ್ಲಿತ್ತಾ? ನಿಮಗೆ ಅಂಥದ್ದೇನಾದರೂ ಆಗಿತ್ತಾ? ನೀವು ಬರೆದಿಲ್ಲ, ನಾನು ಕೆದಕುವುದಿಲ್ಲ. ಮನಸ್ಸು ಕುಗ್ಗಿದವನ ಮುಂದೆ ಖುಷಿಯ ಹಾಡು ಹಾಡುವುದು ಚಳಿಯಲ್ಲಿ ಅವನ ಬಟ್ಟೆ ಕಿತ್ತುಕೊಂಡ ಹಾಗೆ ಅಂತ ಜ್ಞಾನೋಕ್ತಿ 25ರಲ್ಲಿದೆ. ಭಕ್ತಿಗೀತೆ ನಿಮ್ಮನ್ನು ಮುಟ್ಟದಿರಲು ಇದೂ ಒಂದು ಕಾರಣ ಇರಬಹುದು.

ಥಾಮಸ್ ಡಾರ್ಸಿ ಎಂಬ ಅಮೆರಿಕದ ಪಿಯಾನೊ ವಾದಕರಿದ್ದರು. 1920ರ ದಶಕದಲ್ಲಿ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ನೋವಿನ ಸಂಗೀತ, ನುಡಿಸಿ ಹೆಸರು ಮಾಡಿದವರು, ಅದರಲ್ಲಿ ಪೋಲಿ ಹಾಡುಗಳೂ ಇದ್ದವು. ಆಮೇಲೆ ಭಕ್ತಿಗೀತೆ ಬರೆಯಲು ತೊಡಗಿದರು. ಅದರಲ್ಲಿ ಬ್ಲೂಸ್ ವಾಸನೆ ಇದೆ ಎಂದು ಎಷ್ಟೋ ಸಭೆಗಳು ಮೊದಮೊದಲು ಬಾಗಿಲು ತೆರೆಯಲಿಲ್ಲ. 1932ರಲ್ಲಿ ಅವರು ಬೇರೆ ಊರಿಗೆ ಹೋಗಿದ್ದಾಗ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಅದಾದ ಮೇಲೆ ಅವರು ಕಟ್ಟಿದ, ‘ದಣಿದಿದ್ದೇನೆ ಕರ್ತನೇ, ಕೈ ಹಿಡಿದು ನಡೆಸು’ ಎಂದು ಬೇಡುವ ಗೀತೆಯನ್ನು ಇವತ್ತು ಸಾವಿನ ಮನೆಗಳಲ್ಲಿ ಎಷ್ಟು ಭಾಷೆಗಳಲ್ಲಿ ಹಾಡುತ್ತಾರೋ. ನೋವನ್ನು ದನಿಯಲ್ಲಿ ಹಿಡಿಯುವುದು ಅವರಿಗೆ ಬ್ಲೂಸ್‌ನಿಂದ ಬಂದ ವಿದ್ಯೆ. ಲೋಕದ ಹಾಡಿನಲ್ಲಿ ಕಲಿತಿದ್ದು ಹಾಳಾಗಲಿಲ್ಲ.

ಇನ್ನು ದಿನನಿತ್ಯದ ಮಾತು. ಎಲ್ಲ ಅಳಿಸುವುದು, ಎಲ್ಲ ಹಾಕಿಕೊಳ್ಳುವುದು, ಎರಡೂ ಸುಲಭ. ಆರಿಸಿಕೊಳ್ಳುವುದೇ ಕಷ್ಟ. ನಾನು ಮಾಡುವುದನ್ನು ಹೇಳುತ್ತೇನೆ. ಒಂದು ಹಾಡು ಮುಗಿದರೆ ತಾನಾಗಿ ಇನ್ನೊಂದು ಬರುವ ಆಟೋಪ್ಲೇ ಆಫ್ ಮಾಡಿದ್ದೇನೆ. ಮುಂದಿನ ಹಾಡು ಯಾವುದು ಅಂತ ಕಂಪನಿ ತೀರ್ಮಾನ ಮಾಡುವುದು ನನಗೆ ಬೇಡ. ಲೋಕದ ಹಾಡು, ದೇವರ ಹಾಡು ಎಂಬುದಕ್ಕಿಂತ ದೊಡ್ಡ ಸಮಸ್ಯೆ ಇದೇ ಅಂತ ನನ್ನ ಅನಿಸಿಕೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಕಿವಿಯಲ್ಲಿ ಏನೋ ಒಂದು ಓಡುತ್ತಲೇ ಇದ್ದರೆ ನಾವು ಏನನ್ನೂ ಕೇಳುತ್ತಿಲ್ಲ. ದಿನಕ್ಕೆ ಅರ್ಧ ಗಂಟೆ ಕಿವಿಗೆ ಬಿಡುವು ಕೊಡಿ. ಮೊದಲ ಎರಡು ದಿನ ಕಿರಿಕಿರಿ ಆಗುತ್ತದೆ.

ಮಲಗುವ ಹೊತ್ತಿಗೆ ಏನು ಕೇಳುತ್ತೀರಿ ಅನ್ನುವುದನ್ನು ಮಾತ್ರ ಜಾಗ್ರತೆಯಿಂದ ಆರಿಸಿ. ಕೊನೆಗೆ ಕೇಳಿದ್ದು ಬೆಳಿಗ್ಗೆ ಹಲ್ಲುಜ್ಜುವಾಗ ತಾನಾಗಿ ಬಾಯಿಗೆ ಬರುತ್ತದೆ, ನೋಡಿ ಬೇಕಾದರೆ.

ನಾನೂ ಕೆಲವು ಹಾಡು ಬಿಟ್ಟಿದ್ದೇನೆ. ಎರಡು ಹಾಡುಗಳ ಪದ ಪರೀಕ್ಷೆಯಲ್ಲಿ ಸೋತವು. ಮೂರನೆಯದರ ಪದ ಚೆನ್ನಾಗಿಯೇ ಇದೆ. ಆದರೆ ಅದನ್ನು ಕೇಳಿದಾಗೆಲ್ಲ ಒಬ್ಬರ ಮೇಲಿನ ಹಳೆಯ ಸಿಟ್ಟು ಮತ್ತೆ ಬೆಚ್ಚಗಾಗುತ್ತಿತ್ತು. ಅದು ನನ್ನ ಮಾಂಸ, ನನ್ನ ವಿಗ್ರಹ. ನೀವು ಅದನ್ನು ಕೇಳಿದರೆ ನಿಮಗೆ ಏನೂ ಆಗದು. ಒಂದು ಗುಂಪಿನ ಆರಾಧನಾ ಗೀತೆಗಳನ್ನೂ ಬಿಟ್ಟೆ. ಕೇಳಿ ಮುಗಿಸಿದ ಮೇಲೆ ದೇವರ ಒಂದು ಮಾತೂ ನೆನಪಿರುತ್ತಿರಲಿಲ್ಲ, ಹಾಡಿದವರ ಮುಖ ಮಾತ್ರ ಕಣ್ಣ ಮುಂದೆ ಇರುತ್ತಿತ್ತು.

ಜಾಗದ ವಿವೇಚನೆಯೂ ಬೇಕು. ಮನೆಯಲ್ಲಿ ಒಳ್ಳೆಯದಾದ ಎಲ್ಲವೂ ಆರಾಧನೆಯಲ್ಲಿ ಒಳ್ಳೆಯದಾಗುವುದಿಲ್ಲ. ಇನ್ನೊಬ್ಬ ಚರ್ಚ್ ಸುಧಾರಕ ಕ್ಯಾಲ್ವಿನ್ ಕಾಲದ ಜಿನೀವಾದಲ್ಲಿ 1562ರ ಹೊತ್ತಿಗೆ 150 ಕೀರ್ತನೆಗಳಿಗೂ ರಾಗ ಸಿದ್ಧವಾಗಿತ್ತು. ಚರ್ಚಿನಲ್ಲಿ ವಾದ್ಯ ಇಲ್ಲದೆ ಎಲ್ಲರೂ ಒಂದೇ ಸ್ವರದಲ್ಲಿ ಹಾಡಬೇಕು. ಅದೇ ಕೀರ್ತನೆಗಳಿಗೆ ಕ್ಲೋದ್ ಗುದಿಮೆಲ್ ಎಂಬ ಸಂಗೀತಗಾರ ನಾಲ್ಕು ದನಿಗಳ ಜೋಡಣೆ ಮಾಡಿ, ಇದು ಚರ್ಚಿಗಲ್ಲ, ಮನೆಯಲ್ಲಿ ಹಾಡಿ ದೇವರಲ್ಲಿ ಸಂತೋಷಪಡಲಿಕ್ಕೆ ಎಂದು ಮುನ್ನುಡಿಯಲ್ಲೇ ಬರೆದರು. ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿ ಇನ್ನೂ ಮುಂದೆ ಹೋದರು. ಸ್ವತಃ ಹಲವು ವಾದ್ಯ ಬಲ್ಲವರು, ಆದರೂ 1520ರ ದಶಕದಲ್ಲಿ ಅಲ್ಲಿನ ಆರಾಧನೆಯಿಂದ ಹಾಡನ್ನೇ ತೆಗೆದರು. ಅದು ಮರಳಿ ಬಂದಿದ್ದು 1598ರಲ್ಲಿ. ಎಪ್ಪತ್ತಕ್ಕೂ ಹೆಚ್ಚು ವರ್ಷ ಹಾಡೇ ಇಲ್ಲದ ಆರಾಧನೆ! ನನಗೆ ಒಂದು ಭಾನುವಾರವೂ ಆಗದು.

ನಿಮ್ಮ ಹಿರಿಯರ ಜೊತೆ ವಾದಕ್ಕೆ ಇಳಿಯಬೇಡಿ. ಈ ಉತ್ತರ ಅವರ ಮುಂದೆ ಹಿಡಿಯಬೇಡಿ ಕೂಡ. ಅಭ್ಯಾಸ ಮುಗಿದ ಮೇಲೆ ಅವರ ಪಕ್ಕದಲ್ಲಿ ಕೂತು, ನೀವು ನನ್ನ ವಯಸ್ಸಿನಲ್ಲಿ ಏನು ಕೇಳುತ್ತಿದ್ದಿರಿ ಅಂತ ಕೇಳಿ. ತಂಡದ ಅಭ್ಯಾಸಕ್ಕೆ ಹೋದಾಗ ಅವರಿಗೆ ಕಸಿವಿಸಿ ಆಗುವಂಥದ್ದನ್ನು ಜೋರಾಗಿ ಹಾಕಬೇಡಿ. ಅಷ್ಟು ಬಿಟ್ಟುಕೊಟ್ಟರೆ ನಿಮ್ಮದೇನೂ ಹೋಗುವುದಿಲ್ಲ. ಮುಂದಿನ ತಿಂಗಳು ತಂಡಕ್ಕೆ ಒಂದು ಅಳಲಿನ ಕೀರ್ತನೆ ಕಲಿಯೋಣ ಅಂತ ನೀವೇ ಹೇಳಿ ನೋಡಿ. 13ನೆಯದು ಚಿಕ್ಕದು, ಆರೇ ವಚನ, ಅದರಿಂದ ಶುರು ಮಾಡಬಹುದು.

ನೀವು ಅತ್ತ ಆ ಪ್ರೇಮಗೀತೆ ಯಾವುದು ಅಂತ ಬರೆಯಲೇ ಇಲ್ಲ. ಇನ್ನೊಂದು ಪತ್ರ ಹಾಕಿ, ನಾನೂ ಒಂದು ಸಲ ಕೇಳುತ್ತೇನೆ.